ಹೊಸ್ತಿಲ ಮ್ಯಾಲಿನ ಮಾತು

ನಮ್ಮ ಕಡೆ ಎದ್ದು ಹೊಂಟೋರು ಯಾರೂ "ಹೋಗ್ತೇನಿ" ಅನ್ನೂದಿಲ್ಲ. "ಬರ್ತೇನ್ರಿ" ಅಂತಾರ. ಸಣ್ಣಾಕಿದ್ದಾಗ ನಾ ಒಮ್ಮೆ ಸಾಲಿಗೆ ಹೊಂಟಾಗ "ಅವ್ವಾ, ಹೋಗ್ತೇನಿ" ಅಂದುಬಿಟ್ಟಿದ್ದೆ. ನಮ್ಮವ್ವ ಅರ್ಧ ಓಣಿ ಓಡಿಬಂದು, ವಾಪಸ್ ಕರಕೊಂಡು ಹೋಗಿ, ಕುಂದರ್ಸಿ, ನೀರು ಕುಡಿಸಿ, "ಈಗ ಬರ್ತೇನಿ ಅನ್ನು" ಅಂತ ಅನ್ನಿಸಿ ಮತ್ತ ಕಳಿಸಿದ್ಲು. ಒಳಗಿದ್ದೋರು ಅದಕ್ಕ "ಹೂಂ, ಬರ್ರಿ" ಅನ್ನಬೇಕು. ಅಷ್ಟಾದ ಮ್ಯಾಲೇನ ಕಾಲು ಹೊರಗ ಇಡೂದು.

ಕಂಪ್ಯೂಟರಿನ್ಯಾಗೂ ಇದ ರಿವಾಜು ಐತಿ. ಆ ಕಡೆಯಿಂದ ಮಾತಾಡಾಕತ್ತಿದ್ದಾಂವ ಎದ್ದು ಹೊಂಟಾಗ ಈ ಕಡೆ ಯಂತ್ರ "ಹೋದಾ" ಅನ್ನೂದಿಲ್ಲ. "ಏನೋ ಬಂದೈತಿ, ಓದು" ಅಂತೈತಿ. ಓದಾಕ ಹೋದ್ರ ಅಲ್ಲಿ ಏನೂ ಇರೂದಿಲ್ಲ, ಬರೇ ಸೊನ್ನಿ. ಆ ಸೊನ್ನಿ ಬಂತಂದ್ರ ಆಂವ ಹೋದಾ ಅಂತ ನಾವ ತಿಳ್ಕೋಬೇಕು. ಇದನ್ನ ನನಗ ಹೇಳಿಕೊಟ್ಟೋರು ಆಪಾ. "ನೋಡು ತಂಗಿ, ಇದನ್ನ ಮಾಡಿದೋರು ನಮ್ಮ ಕಡೆಯೋರ ಇರಬೇಕು. ಹೋಗೂಮುಂದ ಬರ್ತೇನಿ ಅಂತಾರ!" ಅಂದು ಕುರ್ಚಿ ಅಲುಗಾಡೋ ಹಂಗ ನಕ್ಕಿದ್ರು. ಆ ನಗು ಇಲ್ಲದ ಕೋಣಿಯೊಳಗ ಕುಂತು ಈಗ ಬರ್ಯಾಕತ್ತೇನಿ.

ಆಪಾ ಅಂದ್ರ ಉರ್ದುದಾಗ ಅಕ್ಕ. ಸವಣೂರಿನೋರು. ಅವರ ಹೆಸರು ನಾ ಬರಿಯೂದಿಲ್ಲ, ಹೆಸರಂದ್ರ ಅವರಿಗೆ ಆಗತಿರಲಿಲ್ಲ. ಒಮ್ಮೆ ನಾವೆಲ್ಲಾ ಕೂಡಿ ಸಣ್ಣದೊಂದು ಸನ್ಮಾನ ಇಟ್ಟು, ಬ್ಯಾನರಿನ್ಯಾಗ ದೊಡ್ಡದಾಗಿ ಅವರ ಹೆಸರು ಹಾಕ್ಸಿದ್ವಿ. ಶಾಲು ಹೊಚ್ಚಿಕೊಂಡ್ರು, ಹಣ್ಣು ಹಂಚಿದ್ರು, ಬ್ಯಾನರ್ ಬಿಚ್ಚಿಕೊಂಡು ಹೋಗಿ ಮಳಿ ಹನಿ ಬೀಳಬಾರದಂತ ಜನರೇಟರಿಗೆ ಹೊಚ್ಚಿದ್ರು. ಹೆಸರು ಇದ್ದ ಮುಖ ಒಳಗ ಮಾಡಿ! "ಈಗ ನೋಡು, ಕೆಲಸಕ್ಕ ಬಂತು" ಅಂದ್ರು.

ನಮ್ಮದು ಆಂಬುಲೆನ್ಸ್ ಕೆಲಸ. ಒಂದು ಟ್ರಸ್ಟಿನೋರು ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಕೂ ಕಡೆ ಗಾಡಿ ಓಡಸ್ತಾರ. ಒಂದೊಂದು ಊರಿನ್ಯಾಗ ಒಂದು ಸಣ್ಣ ದವಾಖಾನಿ, ಅದರ ಬಾಗಲದಾಗ ಒಂದು ಟೇಬಲ್ಲು, ಟೇಬಲ್ಲಿನ ಮ್ಯಾಲೆ ಒಂದು ಕಂಪ್ಯೂಟರ್. ಗಾಡಿ ಪೇಷಂಟನ್ನ ಹತ್ತಿಸಿಕೊಂಡ ಕೂಡಲೇ ಡ್ರೈವರ್ ತನ್ನ ಫೋನಿನಿಂದ ಒಂದು ಸುದ್ದಿ ಕಳಸ್ತಾನ: ಯಾರು, ಏನು ಆಗೈತಿ, ಏನು ತಯಾರಿ ಬೇಕು. ಅದು ಟೇಬಲ್ಲಿನ ಕಂಪ್ಯೂಟರಿಗೆ ಬಂದು ಗಂಟಿ ಬಾರಸ್ತೈತಿ. ಗಂಟಿ ಕೇಳಿ ಡಾಕ್ಟರ್ ಎದ್ದು ಬರ್ತಾರ. ಈ ಗಂಟಿ ಬಾರಿಸೋ ಪ್ರೋಗ್ರಾಮ್ ಬರದೋರು ಆಪಾ. ನಾನು ಹಾನಗಲ್ಲಿನಾಕಿ, ಅವರ ಕೈಕೆಳಗ ಕೆಲಸಕ್ಕ ಸೇರಿದಾಕಿ. ಶಿಗ್ಗಾಂವಿಯೊಳಗ ಒಂದು ಮನಿ ಮಾಳಗಿ ಮ್ಯಾಲೆ ನಮ್ಮ ಆಫೀಸು.

ಕೇಳಾಕ ಸರಳ ಅನಸ್ತೈತಿ. ಆದ್ರ ಆ ನಾಕು ಕಂಪ್ಯೂಟರ್ ದಾನಕ್ಕ ಬಂದವು, ಒಂದೊಂದರ ಜಾತಿ ಒಂದೊಂದು. ಹಾನಗಲ್ಲಿಂದು ವಿಂಡೋಸ್. ಹಿರೇಕೆರೂರಿಂದೂ ವಿಂಡೋಸ್ ಖರೆ, ಆದ್ರ ಅಜ್ಜನ ಕಾಲದ್ದು. ಶಿಗ್ಗಾಂವಿಯೊಳಗ ಲಿನಕ್ಸ್. ಸವಣೂರಿಗೆ ಒಬ್ಬ ವ್ಯಾಪಾರಸ್ಥರು ತಮ್ಮ ಮಕ್ಕಳು ಬಳಸಿ ಬಿಟ್ಟ ಮ್ಯಾಕ್ ಕಂಪ್ಯೂಟರ್ ಕೊಟ್ಟಿದ್ರು. ದಾನ ಕೊಟ್ಟೋರಿಗೆ "ಇದು ಬ್ಯಾಡ, ಅದು ಕೊಡ್ರಿ" ಅನ್ನಾಕ ಬರ್ತೈತೇನ್ರಿ?

ಗಾಡಿ ಮಾತಾಡಾಕ ಬಂತಂದ್ರ ಕಂಪ್ಯೂಟರಿನ್ಯಾಗ ಒಂದು ಬಾಗಲಾ ತೆರಿತೈತಿ. ಅದಕ್ಕ ಸಾಕೆಟ್ ಅಂತಾರ. ಬಾಗಲದಾಗ ಏನರ ಆದ್ರ, ಯಾರೋ ಬಂದ್ರು, ಮಾತು ಬಂತು, ಎದ್ದು ಹೊಂಟ್ರು, ಯಂತ್ರ ನಮ್ಮ ಪ್ರೋಗ್ರಾಮಿಗೆ ಸುದ್ದಿ ಮುಟ್ಟಸ್ತೈತಿ. ಮುಟ್ಟಿಸೋ ರೀತಿ ಮಾತ್ರ ಒಂದೊಂದರದ್ದು ಒಂದೊಂದು. ನಾ ಸೇರಿದ ಹೊಸದಾಗಿ ಇದು ತಲಿಗೆ ಹೋಗಲಿಲ್ಲಂತ ಕಣ್ಣೀರು ತಂದುಕೊಂಡು ಕುಂತಿದ್ದೆ. ಆಪಾ ಕೇಳಿದ್ರು, "ನಿಮ್ಮ ಮನಿಗೆ ಹಾಲು ಹೆಂಗ ಬರ್ತೈತಿ?"

"ಹಾಲಿನಾಂವ ಬಾಗಲದಾಗ ನಿಂತು ಹಾಲ್ರೀ ಅಂತ ಒದರ್ತಾನ್ರಿ. ಅವ್ವ ಬೋಗುಣಿ ತಗೊಂಡು ಹೋಗ್ತಾಳ."

"ಅದು ಲಿನಕ್ಸ್. ಬಂದೈತಿ ಅಂತ ಒದರ್ತೈತಿ, ತಗೊಳ್ಳೂದು ನಿನ್ನ ಕೆಲಸ. ನಮ್ಮ ಮನಿಯಾಗ ನಾವು ಮೊದಲ ಬೋಗುಣಿ ಕಟ್ಟಿ ಮ್ಯಾಲೆ ಇಟ್ಟಿರ್ತೇವಿ. ಹಾಲಿನಾಂವ ಸುರುವಿ, ತುಂಬೇನ್ರೀ ಅಂತ ಒದರಿ ಹೋಗ್ತಾನ. ಅದು ವಿಂಡೋಸ್. ಆಂವ ಸುರುವೂದ್ರೊಳಗ ನೀ ಬೋಗುಣಿ ಎತ್ತಿಕೊಂಡಿ ಅಂದ್ರ?"

"ಹಾಲೆಲ್ಲಾ ಕಟ್ಟಿ ಪಾಲು!"

"ಅಷ್ಟ. ನಿನಗ ಬರ್ತೈತಿ ಬಿಡು, ಯಾಕ ಅಳ್ತಿ?"

ಬುಕ್ಕಿನ್ಯಾಗ ಓದಿ ಓದಿ ತಿಳೀದ್ದು ಒಂದು ಬೋಗುಣಿಯೊಳಗ ಬಂದುಬಿಟ್ಟಿತ್ತು. ಅವತ್ತು ನಾ ಅವರ ಮುಖಾ ನೋಡಿಕೋತ ಕುಂತಿದ್ದು ನನಗ ಈಗಲೂ ನೆನಪೈತಿ. ಇಂಥಾ ತಲಿ ಈ ಮಾಳಗಿ ಮ್ಯಾಲೆ, ಕೆಳಗಿನ ಮನಿಯ ಒಗ್ಗರಣಿ ಘಾಟಿನ್ಯಾಗ ಕೆಮ್ಮಿಕೋತ ಕುಂತೈತಲ್ಲಪ್ಪಾ ಅಂತ ಮೈ ಜುಮ್ ಅಂದಿತ್ತು. ನಾಕು ಯಂತ್ರದ ನಾಕು ನಮೂನಿ ಸುದ್ದಿನ್ನ ಅವರು ಒಂದ ಮಾತಿಗೆ ತಂದಿದ್ರು. ಒಳಗ ಎಷ್ಟರ ಗೊಂದಲ ಇರಲಿ, ಟೇಬಲ್ಲಿನೋರಿಗೆ ಕಾಣೂದು ಮೂರ ಮಾತು: ಬಂದ್ರು, ಅಂದ್ರು, ಹೋದ್ರು.

ಅವರ ಕೀಬೋರ್ಡಿನ ಬಾಜೂಕ ಯಾವಾಗಲೂ ಹಸಿ ಬಟ್ಟಿಯೊಳಗ ಸುತ್ತಿದ ಸವಣೂರ ವೀಳ್ಯದೆಲಿ ಇರ್ತಿದ್ವು. ವಿಚಾರ ಮಾಡಾಕ ಕುಂತ್ರ ಒಂದು ಎಲಿ ತಗೊಂಡು, ತೊಡಿ ಮ್ಯಾಲೆ ಒರಸಿ, ಹಂಗ ಕೈಯಾಗ ಹಿಡಕೊಂಡು ಕೂಡೋರು. ಮಡಚೂದಿಲ್ಲ, ತಿನ್ನೂದಿಲ್ಲ. ಎಲಿ ಬಾಯಾಗ ಹೋತಂದ್ರ ಕೆಲಸ ಆತು ಅಂತ ನಾವು ಚಾಕ್ಕ ಹೇಳಿಬಿಡ್ತಿದ್ವಿ. ಹಿರೇಕೆರೂರ ಟೇಬಲ್ಲಿನ ಹುಡುಗ ಫೋನ್ ಮಾಡಿ "ಆಪಾ, ಏನೋ ಆಗೈತ್ರಿ" ಅಂದ್ರ ಸಾಕು, ಇವರು ಕಣ್ಣು ಮುಚ್ಚಿಕೊಂಡು "ಪರದೆ ಮ್ಯಾಲೆ ಎಡಕ್ಕ ಕೆಳಗ ಒಂದು ಹಳದಿ ಡಬ್ಬಿ ಬಂದೈತೇನ? ಅದನ್ನ ಮುಟ್ಟಬ್ಯಾಡ, ಹಿಂದಿಂದು ಮುಚ್ಚು" ಅನ್ನೋರು. ಆ ಹುಡುಗ ನನ್ನ ಮುಂದ ಹೇಳ್ತಿದ್ದ, "ಅಕ್ಕಾರ, ಆಪಾ ನನ್ನ ಹಿಂದ ನಿಂತಾರೇನಂತ ತಿರುಗಿ ನೋಡಿದೆನ್ರಿ" ಅಂತ.

ಆದ್ರ ಆಪಾರದ್ದೊಂದು ಗುಣ ಇತ್ತು. ಬಾಗಲದಾಗ ನಿಂತು ಮಾತಾಡೂದು ಅವರಿಗೆ ಆಗತಿರಲಿಲ್ಲ. ಫೋನಿನ್ಯಾಗ "ಹಾಂ, ಆತು" ಅಂದು ಟಕ್ ಅಂತ ಇಟ್ಟುಬಿಡೋರು, ನಾವು ಸತ್ತ ಫೋನಿನ ಮುಂದ ಹೂಂ ಹೂಂ ಅಂತ ಇರ್ತಿದ್ವಿ. ಮನಿಗೆ ಬಂದೋರು "ಬರ್ತೇನ್ರಿ" ಅಂದ್ರ ಮುಗೀತು, "ಬರ್ರಿ" ಅಂದು ಆಗಲೇ ಬೆನ್ನು ತಿರುಗಿಸಿರ್ತಿದ್ರು. ನಮ್ಮ ಜನರ ಪದ್ಧತಿ ನಿಮಗ ಗೊತ್ತೈತಲ್ಲ? ಒಳಗ ಕುಂತಾಗ ಮಳಿ, ಬೆಳಿ, ಬೀಗರು ಎಲ್ಲಾ ಮಾತಾಡಿ, ಎದ್ದು, ಬರ್ತೇನಿ ಅಂದು, ಚಪ್ಪಲಿ ಮೆಟ್ಟಿಕೊಂಡು, ಹೊಸ್ತಿಲ ಮ್ಯಾಲೆ ನಿಂತು "ಅಂದಂಗ..." ಅಂತ ಖರೇ ಮಾತು ಹೊರಗ ತಗೀತಾರ. ಆಪಾರಿಗೆ ಅದು ತಲಿಬ್ಯಾನಿ. "ಹೇಳೂದು ಇದ್ರ ಕುಂತಾಗ ಹೇಳಬೇಕು. ಬರ್ತೇನಿ ಅಂದ ಮ್ಯಾಲೆ ಮತ್ತೇನೈತಿ?" ಅಂತ ರೇಗೋರು.

ಸುದ್ದಿ ಕೊಡದ ಹೋಗೋರ ಬಗ್ಗೆ ಮಾತ್ರ ಅವರಿಗೆ ಬಾಳ ಕಾಳಜಿ. ಗಾಡಿ ಟವರ್ ಇಲ್ಲದ ಕಡೆ ಹೋತು, ಫೋನ್ ಚಾರ್ಜ್ ಹೋತು ಅಂದ್ರ ಯಂತ್ರಕ್ಕ ಏನೂ ತಿಳಿಯೂದಿಲ್ಲ. ಬಾಗಲಾ ತೆರದಿರ್ತೈತಿ, ಆ ಕಡೆ ಯಾರೂ ಇರೂದಿಲ್ಲ. ಅದಕ್ಕಂತ ಆಪಾ ಪ್ರೋಗ್ರಾಮಿನ್ಯಾಗ ಒಂದು ಕೂಗು ಇಟ್ಟಿದ್ರು. ಸುಮ್ಮನಿದ್ದ ಗಾಡಿನ್ನ ಅದು ನಡುನಡುವ ಕೇಳ್ತೈತಿ, "ಅದೀರೇನ್ರಿ?" ಅಂತ. ಉತ್ತರ ಬರಲಿಲ್ಲಂದ್ರ ಟೇಬಲ್ಲಿನೋರಿಗೆ ಎಚ್ಚರಿಕಿ. ಓಣಿಯೊಳಗ ಹಿರೇರು ಬಾಗಲದಾಗ ನಿಂತು ಕೇಳ್ತಾರಲ್ಲ, ಹಂಗ.

ಇಷ್ಟೆಲ್ಲಾ ಇದ್ದೂ ಸವಣೂರಿನ್ಯಾಗ ಒಂದು ಎಡವಟ್ಟು ಆತು. ಹುಲಗೂರ ಕಡೆ ಹೊಲದಾಗ ಕಳೇ ತಗ್ಯಾಕತ್ತಿದ್ದ ಒಬ್ಬ ಹೆಣ್ಣಮಗಳಿಗೆ ಹಾವು ಕಡೀತು. ನಮ್ಮ ಹಳೇ ಡ್ರೈವರ್ ಅಣ್ಣ ಆಕಿನ್ನ ಹತ್ತಿಸಿಕೊಂಡು, ಹಾವಿನ ವಿಷ, ಇಂಜೆಕ್ಷನ್ ತಯಾರಿ ಇಡ್ರಿ ಅಂತ ದಾರಿಯಿಂದ ಕಳಿಸಿದ. ಸವಣೂರ ಟೇಬಲ್ಲಿಗೆ ಗಾಡಿ ಬಂದದ್ದೂ ಹೋದದ್ದೂ ಕಾಣಿಸ್ತು, ಮಾತು ಮಾತ್ರ ಕಾಣಿಸಲಿಲ್ಲ. ಬಂದ್ರು, ಹೋದ್ರು, ನಡುವ "ಅಂದ್ರು" ಇಲ್ಲ! ಗಾಡಿ ದವಾಖಾನಿ ಮುಂದ ನಿಂತಾಗ ಡಾಕ್ಟರ್ ಊಟಕ್ಕ ಹೋಗಿದ್ರು. ಅವರು ಓಡಿ ಬಂದ್ರು, ಆ ತಾಯಿ ಬದುಕಿದ್ಲು. ಆದ್ರ ಆ ನಡುವಿನ ಹೊತ್ತು ಆಕಿ ಮಗಳು ದವಾಖಾನಿ ಮೆಟ್ಟಲ ಮ್ಯಾಲೆ ಕುಂತು ಎದಿ ಬಡಕೊಂಡದ್ದನ್ನ ಟೇಬಲ್ಲಿನ ಹುಡುಗಿ ಹೇಳಿದಾಗ ಆಪಾರ ಮುಖಾ ಬೂದಿ ಆತು.

ಟ್ರಸ್ಟಿನ ಯಜಮಾನ್ರು ಮೀಟಿಂಗ್ ಕರದ್ರು. "ಸವಣೂರ ಯಂತ್ರದ ಮ್ಯಾಲೆ ಭರವಸಿ ಇಲ್ಲ. ಅಮಾಸಿಯೊಳಗ ಸರಿ ಆಗಲಿಲ್ಲಂದ್ರ ಆ ಟೇಬಲ್ ಬಂದ್ ಮಾಡೂಣು. ಸವಣೂರಿನ ಗಾಡಿನೂ ಶಿಗ್ಗಾಂವಿಗೇ ಪೇಷಂಟನ್ನ ತರಲಿ" ಅಂದ್ರು. ಅಂದ್ರ ಸವಣೂರ ಸುತ್ತಿನ ಹಳ್ಳಿಯೋರು ತಮ್ಮೂರ ದವಾಖಾನಿ ದಾಟಿ ಮುಂದ ಹೋಗಬೇಕು. ವಿಷಕ್ಕ, ಹೆರಿಗಿಗೆ ಅಷ್ಟು ತಾಳಿಕಿ ಎಲ್ಲೈತಿ?

ಆಪಾ ಎದ್ದು ನಿಂತ್ರು. "ತಪ್ಪು ಯಂತ್ರದ್ದಲ್ರಿ, ನಂದು. ಎಲ್ಲಿ ಐತಿ ಅಂತ ಇನ್ನೂ ಸಿಕ್ಕಿಲ್ಲ. ಸಿಗತೈತಿ." ಅಷ್ಟ ಅಂದು ಕುಂತ್ರು. ಒಂದು ನೆಪ ಇಲ್ಲ, ಒಂದು "ಆದ್ರ" ಇಲ್ಲ. ಎಂಥಾ ಗುಂಡಿಗಿ ಅದು!

ಆಮ್ಯಾಲೆ ನೋಡ್ರಿ ನಮ್ಮ ಫಜೀತಿ. ಆಫೀಸಿನ್ಯಾಗ ಕುಂತು ಎಷ್ಟು ಸಲ ಕಳಿಸಿದ್ರೂ ಮಾತು ಸರಿಯಾಗೇ ಮುಟ್ತಿತ್ತು. ಆಪಾ ಎಲಿ ಹಿಡಕೊಂಡು ಕುಂತದ್ದು ಕುಂತದ್ದ. ಕೈಯಾಗಿನ ಎಲಿ ಬಾಡಿ ಹೋಗ್ತಿತ್ತು, ಇನ್ನೊಂದು ತಗೋತಿದ್ರು. ಊಟದ ಡಬ್ಬಿ ಹಂಗ ವಾಪಸ್ ಹೋಗ್ತಿತ್ತು. "ನಮ್ಮೂರು ತಂಗಿ," ಅಂದ್ರು ಒಮ್ಮೆ, "ನಮ್ಮೂರ ಬಾಗಲಾ ನನ್ನ ಕೈಯಿಂದನ ಮುಚ್ಚೂದೇನ?" ನಾ ಅವರ ಕೈಯಾಗಿನ ಬಾಡಿದ ಎಲಿ ತಗದು ಹಸೀದೊಂದು ಇಟ್ಟೆ.

ಅಮಾಸಿ ಹತ್ತರ ಬಂದಿತ್ತು. ಅವತ್ತು ಮಧ್ಯಾಹ್ನ ಕೆಳಗಿನ ಮನಿ ಅವ್ವಾರು ಒಂದು ತಾಟಿನ್ಯಾಗ ಮಿರ್ಚಿ ಭಜಿ ತಗೊಂಡು ಮ್ಯಾಲೆ ಬಂದ್ರು. ಕುಂತ್ರು. ಸೊಸಿ ಸುದ್ದಿ ಆತು, ಮೊಣಕಾಲ ಸುದ್ದಿ ಆತು. "ಬರ್ತೇನವ್ವಾ" ಅಂದು ಎದ್ರು. ಆಪಾ "ಬರ್ರಿ" ಅಂದು ಆಗಲೇ ಪರದೆ ಕಡೆ ತಿರುಗಿದ್ರು. ಅವ್ವಾರು ಹೊಸ್ತಿಲ ಮ್ಯಾಲೆ ನಿಂತು, "ಅಂದಂಗ, ಮ್ಯಾಲಿನ ಟಾಕಿ ತುಂಬಿ ಹರ್ಯಾಕತ್ತೈತಿ, ನಿಮ್ಮ ಕರೆಂಟಿನ ಡಬ್ಬಿ ಮ್ಯಾಲೆ ನೀರು ಇಳ್ಯಾಕತ್ತೈತಿ ನೋಡ್ರಿ" ಅಂದು ಮೆಟ್ಟಲಿಳದ್ರು.

ನಾ ಎದ್ದು ಓಡಿ ಮೇನ್ ಸ್ವಿಚ್ ತಗದು, ಮ್ಯಾಲೆ ಹೋಗಿ ಕಾಕ್ ಬಂದ್ ಮಾಡಿ, ತೊಯ್ದು ತಪ್ಪಡಿಯಾಗಿ ಬಂದೆ. ಆಪಾ ಕತ್ತಲ ಪರದೆ ಮುಂದ ಕುಂತು "ಕರೆಂಟ್ ಯಾಕ ಹೋತು?" ಅಂದ್ರು. ನನಗ ತಡೀಲಿಲ್ಲ.

"ಅಲ್ರೀ ಆಪಾ, ಅವ್ವಾರು ಬಾಗಲದಾಗ ನಿಂತು ಹೇಳಿದ್ದು ಕೇಳಲೇ ಇಲ್ಲೇನು? ಅವರು ಬರ್ತೇನಿ ಅಂದ ಕೂಡಲೇ ನೀವು ಕಿವಿನೂ ಮುಚ್ಚಿಬಿಟ್ರಿ! ಖರೇ ಮಾತು ಅದರ ಹಿಂದನ ಇತ್ತು!"

ಆಪಾ ನನ್ನ ಕಡೆ ನೋಡಿದ್ರು. ಬೈತಾರೇನೋ ಅಂದ್ಕೊಂಡೆ. ಕೈಯಾಗಿನ ಎಲಿ ಜಾರಿ ಬಿತ್ತು.

"ಏನಂದಿ? ಇನ್ನೊಮ್ಮೆ ಅನ್ನು."

"ಬರ್ತೇನಿ ಅಂದ ಮ್ಯಾಲೂ ಮಾತು ಇರ್ತೈತ್ರಿ..."

"ಯಾ ಅಲ್ಲಾ!" ಅಂದ್ರು. "ಕರೆಂಟ್ ಹಾಕು. ಹಾಕು ಲಗೂನ!"

"ಡಬ್ಬಿ ಹಸಿ ಐತ್ರಿ, ಸಾಯ್ತೇವಿ!"

ಡಬ್ಬಿ ಒಣಗೂತನಕ ಆಪಾ ಕಾಲು ಸುಟ್ಟ ಬೆಕ್ಕಿನಂಗ ಕೋಣಿಯೊಳಗ ಸುತ್ತಿದ್ರು. ಸುತ್ತಿಕೋತ ನನಗ ಹೇಳಿದ್ರು. ಹುಲಗೂರ ಮುಂದ ರಸ್ತೆ ತೆಗ್ಗಿಗೆ ಇಳಿಯೋ ಒಂದು ಇಳಕಲ್ಲು ಐತಿ, ಅಲ್ಲಿ ಟವರ್ ಸಿಗೂದು ಕಷ್ಟ. ಗಾಡಿ ಫೋನು ಮಾತು ಹೇಳಿ ಆ ಕ್ಷಣನ ಬರ್ತೇನಿ ಅಂತೈತಿ. ಟವರ್ ಚಲೋ ಇದ್ರ ಮೊದಲ ಮಾತು ಬರ್ತೈತಿ, ಹಿಂದ ಬರ್ತೇನಿ. ಇಳಕಲ್ಲಿನ್ಯಾಗ ಎರಡೂ ಸಿಕ್ಕಿಕೊಂಡು, ಟವರ್ ಸಿಕ್ಕ ಕೂಡಲೇ ಒಟ್ಟಿಗೇ ಬರ್ತಾವು. ಬ್ಯಾರೆ ಯಂತ್ರದಾಗ ನಡೀತೈತಿ, ಅಲ್ಲಿ ಓದಿ ಓದಿ ಸೊನ್ನಿ ಬಂದ ಮ್ಯಾಲೇನ ಹೋದಾ ಅಂತ ತಿಳಿಯೂದು. ಸವಣೂರ ಮ್ಯಾಕ್ ಮಾತ್ರ ಶಾಣ್ಯಾ. ಆಂವ ಹೊಂಟಾನ ಅಂತ ಮೊದಲ ಚೀಟಿ ಹಚ್ಚಿ ಕೊಡ್ತೈತಿ, ಆದ್ರ ಆಂವ ಅಂದ ಮಾತೂ ಅದರ ಜೋಡಿಗೇ ಇನ್ನೂ ಒಳಗ ಇರ್ತೈತಿ. ಆಪಾ ಬರದ ಪ್ರೋಗ್ರಾಮು ಚೀಟಿ ನೋಡಿದ ಕೂಡಲೇ ಬಾಗಲಾ ಹಾಕ್ತಿತ್ತು. ಆ ಹಾವು ಕಡದ ತಾಯಿ ಸುದ್ದಿ ಹೊಸ್ತಿಲ ಮ್ಯಾಲೆ ನಿಂತಿತ್ತು.

"ನಾ ಹೆಂಗ ಇದ್ದೇನೋ ಹಂಗ ಬರದೇನಿ, ತಂಗಿ" ಅಂದ್ರು, ಒಂದು ನಮೂನಿ ಬೆರಗಿನಿಂದ. "ನನ್ನ ಗುಣ ಅದರಾಗ ಹೋಗಿ ಕುಂತೈತಿ."

ಕರೆಂಟ್ ಬಂತು. ಎರಡು ಸಾಲು ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲೆ ಮಾಡಿದ್ರು. ಅದರ ಬಾಜೂಕ ಕನ್ನಡದಾಗ ಒಂದು ಮಾತು ಬರದ್ರು: ಮೊದಲ ಓದು, ಆಮ್ಯಾಲೆ ಮುಚ್ಚು. ಹೊಸಾ ಎಲಿ ತಗೊಂಡು, ಒರಸಿ, ಮಡಚಿ ಬಾಯಾಗ ಇಟ್ಟುಕೊಂಡ್ರು. ನಾ ಕೆಳಗ ಕೂಗಿ ಚಾ ಹೇಳಿದೆ.

ಮರುದಿನ ಡ್ರೈವರ್ ಅಣ್ಣನ ಗಾಡಿಯೊಳಗ ತಾವ ಆ ಇಳಕಲ್ಲಿಗೆ ಹೋದ್ರು. ನಾನು ಸವಣೂರ ಟೇಬಲ್ಲಿನ್ಯಾಗ, ಯಜಮಾನ್ರು ನನ್ನ ಹಿಂದ. ಗಂಟಿ ಬಡೀತು. ಪರದೆ ಮ್ಯಾಲೆ ಬಂತು: "ಖಾರ ತರಿಸಿ ಇಡು. ಹಸಿವ್ಯಾಗೈತಿ." ಅದರ ಕೆಳಗ: ಹೋದ್ರು. ಯಜಮಾನ್ರು "ಇದೇನು ಖಾರ?" ಅಂದ್ರು. ನಾ ಅಳೂದು ನಗೂದು ಕೂಡಿಸಿ, "ಸವಣೂರ ಖಾರ ಗೊತ್ತಿಲ್ಲೇನ್ರಿ, ಚಾದ ಜೋಡಿ ತಿನ್ನೂದು? ಟೇಬಲ್ ಉಳೀತ್ರಿ!" ಅಂದೆ. ಯಜಮಾನ್ರು ತಾವ ಹೋಗಿ ಖಾರದ ಪುಡಿಕಿ ಕಟ್ಟಿಸಿಕೊಂಡು ಬಂದ್ರು.

ನನಗ ಖರೇ ಬೆರಗು ಆದದ್ದು ಅದರ ಮುಂದ. ಪ್ರೋಗ್ರಾಮ್ ತಿದ್ದೂದು ದೊಡ್ಡದಲ್ಲ ಬಿಡ್ರಿ, ಆ ವಯಸ್ಸಿನ್ಯಾಗ ಆಪಾ ತಮ್ಮನ್ನ ತಾವ ತಿದ್ದಿಕೊಂಡ್ರು. ಯಾರರ ಬರ್ತೇನಿ ಅಂದ್ರ ಎದ್ದು ಬಾಗಲತನಕ ಹೋಗೋರು, ಚೌಕಟ್ಟಿಗೆ ಕೈ ಹಚ್ಚಿ ನಿಂತು "ಮತ್ತ? ಇನ್ನೇನರ ಐತೇನ?" ಅಂತ ಕೇಳೋರು. ಆಮ್ಯಾಲೆ ಎಷ್ಟು ಮಾತು ಹೊರಗ ಬಂದ್ವು ಅಂತೀರಿ! ಟೇಬಲ್ಲಿನ ಹುಡುಗಿ ತನ್ನ ಲಗ್ನದ ಮಾತು ಮೊದಲು ಹೇಳಿದ್ದು ಅಲ್ಲೇ. ನಮ್ಮವ್ವಗ ಕಣ್ಣು ಮಂಜಾಗ್ಯಾವು ಅಂತ ನಾ ಹೇಳಿದ್ದೂ ಅಲ್ಲೇ. ಫೋನು ಮಾತ್ರ ಕಡೀತನಕ ಟಕ್ ಅಂತ ಇಡೋರು, ಅದೊಂದು ಹೋಗಲಿಲ್ಲ.

ಮಳಿಗಾಲ ಮುಗಿಯೂ ಹೊತ್ತಿಗೆ ಅವರಿಗೆ ದಮ್ಮು ಹತ್ತಾಕತ್ತು. ಮೆಟ್ಟಲ ನಡುವ ನಿಂತು, ಯಾರೂ ನೋಡಬಾರದಂತ ಸೆರಗು ಸರಿ ಮಾಡಿಕೊಳ್ಳೂ ನೆವ ಮಾಡೋರು. ಒಂದು ಗುರುವಾರ, ಟೇಬಲ್ಲಿನ ಹುಡುಗಿ ತನ್ನ ಲಗ್ನದ ರಜಾದ ಮ್ಯಾಲಿದ್ಲು, ಸವಣೂರಿನ್ಯಾಗ ನಾ ಕುಂತಿದ್ದೆ. ಆಪಾ ಮುಂಜಾನೆ ಬಂದು ಯಂತ್ರ ನೋಡಿದ್ರು. ಹುಲಗೂರ ದರ್ಗಾಕ್ಕ ತಮ್ಮ ಸ್ವಂತ ತಂಗಿ ಜೋಡಿ ಹೊಂಟಿದ್ರು. "ಬರ್ತೇನಿ" ಅಂದ್ರು. ಹೊಸ್ತಿಲ ಮ್ಯಾಲೆ ನಿಂತು, "ಅಂದಂಗ, ಎಲಿ ಇಲ್ಲೇ ಇಟ್ಟೇನಿ. ಒಣಗಗೊಡಬ್ಯಾಡ" ಅಂದ್ರು. ನಾ "ಹೂಂ, ಬರ್ರಿ ಆಪಾ" ಅಂದೆ.

ಊಟದ ಹೊತ್ತಿಗೆ ಗಂಟಿ ಬಡೀತು. ಡ್ರೈವರ್ ಅಣ್ಣ: "ಆಪಾ ಅದಾರ್ರಿ ಗಾಡಿಯೊಳಗ. ಉಸಿರು ಸಿಗವಲ್ದು. ಆಕ್ಸಿಜನ್ ತಯಾರಿ ಇಡ್ರಿ." ನಾ ಒದರಿದ್ದಕ್ಕ ಡಾಕ್ಟರ್ ಎಂಜಲ ಕೈಲೆ ಎದ್ದು ಬಂದ್ರು. ಸಿಲಿಂಡರ್ ಬಂತು, ಗಾಲಿ ಮಂಚ ಬಾಗಲಿಗೆ ಬಂತು, ಸಿಸ್ಟರ್ ಹೊರಗ ರಸ್ತಾಕ್ಕ ಹೋಗಿ ನಿಂತ್ರು. ಎಲ್ಲಾ ತಯಾರಿ ಇತ್ತು. ಯಾವುದೂ ಕಮ್ಮಿ ಇರಲಿಲ್ಲ.

ಗಂಟಿ ಮತ್ತ ಬಡೀತು. ಆ ಇಳಕಲ್ಲಿನಿಂದ, ಮಾತೂ ಬರ್ತೇನಿ ಅನ್ನೂದೂ ಎರಡೂ ಒಟ್ಟಿಗೇ ಬಂದಿದ್ವು. ಹಳೇ ಪ್ರೋಗ್ರಾಮ್ ಇದ್ದಿದ್ರ ನುಂಗಿಬಿಡ್ತಿತ್ತು, ನಾವು ಗಾಡಿ ಬರೂತನಕ ಆಸೆ ಹಿಡಕೊಂಡು ನಿಂತಿರ್ತಿದ್ವಿ. ಆಪಾ ಬರದ ಆ ಎರಡು ಸಾಲು ಅದನ್ನ ಬಿಡಲಿಲ್ಲ. ಮೊದಲ ಓದಿದ್ವು.

"ತಯಾರಿ ಬ್ಯಾಡ್ರಿ. ಸಾವಕಾಶ ಬರ್ತೇವಿ."

ಅದರ ಕೆಳಗ: ಹೋದ್ರು.

ಬಾಗಲದಾಗಿಂದ ಡಾಕ್ಟರ್ ಕೇಳಿದ್ರು, "ಏನಂತ ಬಂತು?" ನನ್ನ ಕೈ ಆಪಾ ಇಟ್ಟುಹೋದ ಎಲಿಯ ಬಟ್ಟಿ ಮ್ಯಾಲೆ ಇತ್ತು, ಅದು ಇನ್ನೂ ಹಸಿ ಇತ್ತು. ಆ ಪರದೆ ನೋಡಿಕೋತ ನಾ ಅಂದೆ, "ಹೂಂ. ಬರ್ರಿ, ಆಪಾ."